ತೊಟ್ಟಿಗೆ ಬೇಕಾದಷ್ಟೇ ಬೆಳಕು

ಮನೆಯಲ್ಲಿ ಮೀನು ಸಾಕುವವರು ನೀರಿನ ಬಗ್ಗೆ ಬಹಳ ಯೋಚಿಸುತ್ತಾರೆ. ಆಹಾರದ ಬಗ್ಗೆ, ಫಿಲ್ಟರ್ ಬಗ್ಗೆ, ಯಾವ ಮೀನಿನ ಜೊತೆ ಯಾವ ಮೀನು ಹೊಂದಿಕೊಳ್ಳುತ್ತದೆ ಎಂಬುದರ ಬಗ್ಗೆಯೂ ನಾಲ್ಕು ಜನರನ್ನು ಕೇಳಿ ತಿಳಿದುಕೊಳ್ಳುತ್ತಾರೆ. ದೀಪದ ಮಾತು ಬಂದಾಗ ಮಾತ್ರ, ಅಂಗಡಿಯಲ್ಲಿ ಹಚ್ಚಿ ತೋರಿಸಿದವುಗಳಲ್ಲಿ ಯಾವುದು ಕಣ್ಣಿಗೆ ಹೆಚ್ಚು ಬೆಳಗುತ್ತದೆಯೋ ಅದನ್ನೇ ಕಟ್ಟಿಸಿಕೊಂಡು ಬರುತ್ತಾರೆ. ಎಲ್‌ಇಡಿ ದೀಪಗಳು ಅಗ್ಗವಾದ ಮೇಲೆ ಈ ರೂಢಿ ಇನ್ನಷ್ಟು ಗಟ್ಟಿಯಾಗಿದೆ. ಹಿಂದೆ ತೊಟ್ಟಿಗೆ ಸಾಕಷ್ಟು ಬೆಳಕು ಒದಗಿಸುವುದೇ ಕಷ್ಟವಾಗಿತ್ತು. ಇಂದು ಬೆಳಕು ಮಿತಿ ಮೀರದಂತೆ ನೋಡಿಕೊಳ್ಳುವುದು ಕಷ್ಟವಾಗಿದೆ. ಗಿಡಗಳಿರುವ ಸಿಹಿನೀರಿನ ತೊಟ್ಟಿಯೊಂದನ್ನು ಬೆಂಗಳೂರಿನ ಮನೆಯಲ್ಲಿ ವರ್ಷಗಳಿಂದ ನೋಡಿಕೊಂಡು ಬಂದಿರುವ ನಾನು ಎಲ್‌ಇಡಿಯನ್ನು ಮೆಚ್ಚುವುದು ಅದರ ಪ್ರಖರತೆಗಾಗಿ ಅಲ್ಲ. ಅದನ್ನು ತಗ್ಗಿಸಬಹುದು, ನಿಧಾನವಾಗಿ ಏರಿಸಬಹುದು, ಗೊತ್ತುಪಡಿಸಿದ ಹೊತ್ತಿಗೆ ಪೂರ್ತಿಯಾಗಿ ಆರಿಸಬಹುದು. ಈ ಮೂರು ಸೌಲಭ್ಯಗಳು ಹಿಂದಿನ ಯಾವ ದೀಪದಲ್ಲಿಯೂ ಇಷ್ಟು ಸಲೀಸಾಗಿ ಇರಲಿಲ್ಲ.

ಹಳೆಯ ತೊಟ್ಟಿಗಳ ಮುಚ್ಚಳದೊಳಗೆ ತಂತಿಯ ಹಳದಿ ಬಲ್ಬು ಇರುತ್ತಿತ್ತು. ಅದು ಬಳಸುವ ವಿದ್ಯುತ್ತಿನ ಬಹುಪಾಲು ಶಾಖವಾಗಿಯೇ ಹೋಗುತ್ತಿದ್ದರಿಂದ ಮೇಲಿನ ನೀರು ಬೆಚ್ಚಗಾಗುತ್ತಿತ್ತು, ಮುಚ್ಚಳ ಮುಟ್ಟಿದರೆ ಕೈ ಸುಡುತ್ತಿತ್ತು, ಗಿಡಗಳಿಗೆ ಮಾತ್ರ ಹೆಚ್ಚೇನೂ ದಕ್ಕುತ್ತಿರಲಿಲ್ಲ. ಆಮೇಲೆ ಟ್ಯೂಬ್‌ಲೈಟುಗಳು ಬಂದವು: ಮೊದಲು 26 ಮಿಲಿಮೀಟರ್ ದಪ್ಪದ ಟಿ8, ಅನಂತರ 16 ಮಿಲಿಮೀಟರಿನ ಟಿ5. ಜಲಸಸ್ಯಗಳ ತೊಟ್ಟಿಯನ್ನು ಒಂದು ಕಲೆಯಾಗಿ ಬೆಳೆಸಿದ ಜಪಾನಿನ ಛಾಯಾಗ್ರಾಹಕ ತಕಾಶಿ ಅಮಾನೊ ಅವರು ತಮ್ಮ ತೊಟ್ಟಿಗಳ ಮೇಲೆ ಮೆಟಲ್ ಹ್ಯಾಲೈಡ್ ದೀಪಗಳನ್ನು ತೂಗುಹಾಕುತ್ತಿದ್ದರು. ಅವು ಸೂರ್ಯನ ಬೆಳಕಿನಂತೆ ನೀರಿನ ತಳದ ಮೇಲೆ ಅಲೆಯ ನೆರಳು ಕುಣಿಸುತ್ತಿದ್ದವು, ಆದರೆ ಅವುಗಳ ಬೆಲೆ, ಶಾಖ ಮತ್ತು ವಿದ್ಯುತ್ ಖರ್ಚು ಸಾಮಾನ್ಯರ ಮನೆಗೆ ಹೊಂದುವಂಥದ್ದಾಗಿರಲಿಲ್ಲ. ಆ ಅಲೆಯ ನೆರಳನ್ನು ಇಂದಿನ ಎಲ್‌ಇಡಿ ಸಹ ಕೊಡುತ್ತದೆ, ಏಕೆಂದರೆ ಅದರ ಬೆಳಕು ಸಣ್ಣ ಸಣ್ಣ ಬಿಂದುಗಳಿಂದ ಹೊರಡುತ್ತದೆ. ಉದ್ದನೆಯ ಟ್ಯೂಬಿನಿಂದ ಹರಡಿ ಬರುವ ಮಂಕು ಬೆಳಕಿನಲ್ಲಿ ಅದು ಕಾಣುತ್ತಿರಲಿಲ್ಲ.

ಈ ಬದಲಾವಣೆಯ ಹಿಂದೆ ನೀಲಿ ಬೆಳಕಿನ ಒಂದು ದೊಡ್ಡ ಕಥೆಯಿದೆ, ಮತ್ತು ಅದು ತೊಟ್ಟಿಯ ವಿಷಯಕ್ಕೆ ಹೊರಗಿನದಲ್ಲ. ಕೆಂಪು ಬೆಳಕು ಚೆಲ್ಲುವ ಎಲ್‌ಇಡಿಯನ್ನು ನಿಕ್ ಹಾಲನ್ಯಾಕ್ 1962ರಲ್ಲಿಯೇ ತೋರಿಸಿಕೊಟ್ಟಿದ್ದರು. ಹಸಿರು ಬಣ್ಣದ್ದೂ ಬಂತು. ನೀಲಿ ಮಾತ್ರ ಮೂರು ದಶಕಗಳ ಕಾಲ ಕೈಗೆ ಸಿಗಲಿಲ್ಲ. ಗ್ಯಾಲಿಯಂ ನೈಟ್ರೈಡ್ ಎಂಬ ವಸ್ತುವಿನ ಒಳ್ಳೆಯ ಹರಳನ್ನು ಬೆಳೆಸುವ ಕೆಲಸದಲ್ಲಿ ಇಸಾಮು ಅಕಾಸಾಕಿ, ಹಿರೋಶಿ ಅಮಾನೊ ಮತ್ತು ಶೂಜಿ ನಕಮುರ ಹಠ ಹಿಡಿದು ಕುಳಿತು, 1990ರ ದಶಕದ ಆರಂಭದಲ್ಲಿ ಪ್ರಕಾಶಮಾನವಾದ ನೀಲಿ ಎಲ್‌ಇಡಿಯನ್ನು ಸಾಧಿಸಿದರು; 2014ರ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ಈ ಮೂವರಿಗೆ ಸಂದಿತು. (ಈ ಅಮಾನೊ ಬೇರೆ, ತೊಟ್ಟಿಗಳ ಅಮಾನೊ ಬೇರೆ, ಇಬ್ಬರ ಋಣವೂ ನನ್ನ ಮೇಜಿನ ಮೇಲಿರುವ ಗಾಜಿನ ತೊಟ್ಟಿಯಲ್ಲಿ ಕೂಡಿಕೊಂಡಿದೆ ಎನ್ನುವುದು ನನಗೆ ಸಂತೋಷದ ಸಂಗತಿ.) ನಾವು ಬಿಳಿ ಎಲ್‌ಇಡಿ ಎಂದು ಕರೆಯುವುದು ಒಳಗಿನಿಂದ ನೀಲಿಯೇ. ನೀಲಿ ಬೆಳಕಿನ ಸಣ್ಣ ತುಣುಕಿನ ಮೇಲೆ ಹಳದಿ ಬೆಳಗುವ ಫಾಸ್ಫರ್ ಎಂಬ ಪುಡಿಯನ್ನು ಲೇಪಿಸಿರುತ್ತಾರೆ. ಸ್ವಲ್ಪ ನೀಲಿ ಹಾಗೆಯೇ ಹೊರಬರುತ್ತದೆ, ಉಳಿದದ್ದನ್ನು ಲೇಪ ಹೀರಿಕೊಂಡು ಹಸಿರು, ಹಳದಿ, ಕೆಂಪಿನ ಕಡೆಗೆ ತಿರುಗಿಸುತ್ತದೆ. ಎರಡೂ ಬೆರೆತು ನಮ್ಮ ಕಣ್ಣಿಗೆ ಬಿಳಿಯಾಗಿ ತೋರುತ್ತದೆ. ಆದ್ದರಿಂದ ಅಗ್ಗದ ಬಿಳಿ ಎಲ್‌ಇಡಿಯ ರೋಹಿತದಲ್ಲಿ ನೀಲಿಯ ಕಡೆ ಒಂದು ಚೂಪಾದ ಶಿಖರವೂ ಕಡುಗೆಂಪಿನ ಕಡೆ ಒಂದು ಕೊರತೆಯೂ ಇರುತ್ತದೆ. ಕೆಂಪು ಮೀನು ಅಂಥ ದೀಪದ ಕೆಳಗೆ ಬೂದಿ ಬಳಿದಂತೆ ಕಾಣುವುದಕ್ಕೆ ಮೀನಿನ ಕಾಯಿಲೆ ಕಾರಣವಲ್ಲ, ಈ ಕೊರತೆಯೇ ಕಾರಣ.

ದೀಪದ ಪೆಟ್ಟಿಗೆಯ ಮೇಲೆ ಬರೆದಿರುವ ಲ್ಯೂಮೆನ್ ಎಂಬ ಅಳತೆ ಮನುಷ್ಯನ ಕಣ್ಣಿಗಾಗಿ ಮಾಡಿದ್ದು. ಹಗಲಿನಲ್ಲಿ ನಮ್ಮ ಕಣ್ಣು 555 ನ್ಯಾನೊಮೀಟರಿನ ಹಸಿರುಹಳದಿ ಬೆಳಕಿಗೆ ಅತಿ ಹೆಚ್ಚು ಸ್ಪಂದಿಸುತ್ತದೆ. ನೀಲಿ ಮತ್ತು ಕಡುಗೆಂಪಿನ ಕಡೆ ಹೋದಂತೆ ಅದೇ ಶಕ್ತಿಯ ಬೆಳಕು ನಮಗೆ ಮಂಕಾಗಿ ತೋರುತ್ತದೆ. ಗಿಡದ ಲೆಕ್ಕ ಬೇರೆ. ಪತ್ರಹರಿತ್ತು ನೀಲಿಯನ್ನೂ ಕೆಂಪನ್ನೂ ಹೆಚ್ಚು ಹೀರುತ್ತದೆ ಎಂಬುದು ಶಾಲೆಯ ಪಾಠ. ಅದನ್ನೇ ಹಿಡಿದುಕೊಂಡು, ಗಿಡಕ್ಕೆ ಹಸಿರು ಬೆಳಕು ಬೇಡವೇ ಬೇಡ ಎಂದು ಹೇಳಿ ನೇರಳೆ ಬಣ್ಣದ ದೀಪಗಳನ್ನು ಮಾರುವವರೂ ಇದ್ದಾರೆ. ಅದು ಸರಿಯಲ್ಲ. ಕೀತ್ ಮೆಕ್‌ಕ್ರೀ ಎಂಬ ವಿಜ್ಞಾನಿ 22 ಬಗೆಯ ಬೆಳೆಗಳ ಎಲೆಗಳನ್ನು ಬಣ್ಣಬಣ್ಣದ ಬೆಳಕಿನಲ್ಲಿ ಪರೀಕ್ಷಿಸಿ 1972ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ, ಇಡೀ ಎಲೆಯನ್ನು ತೆಗೆದುಕೊಂಡರೆ ಹಸಿರು ಬೆಳಕಿನಲ್ಲಿಯೂ ದ್ಯುತಿಸಂಶ್ಲೇಷಣೆ ಸಾಕಷ್ಟು ಚೆನ್ನಾಗಿ ನಡೆಯುತ್ತದೆ ಎಂಬುದು ಸ್ಪಷ್ಟವಾಗಿತ್ತು. 400ರಿಂದ 700 ನ್ಯಾನೊಮೀಟರ್ ವರೆಗಿನ ಬೆಳಕನ್ನೆಲ್ಲ ಗಿಡ ಬಳಸಿಕೊಳ್ಳುತ್ತದೆ. ಆ ವ್ಯಾಪ್ತಿಯ ಬೆಳಕಿನ ಕಣಗಳು ಒಂದು ಚದರ ಮೀಟರಿನ ಮೇಲೆ ಪ್ರತಿ ಸೆಕೆಂಡಿಗೆ ಎಷ್ಟು ಬೀಳುತ್ತವೆ ಎಂಬುದನ್ನು ಮೈಕ್ರೊಮೋಲ್‌ಗಳಲ್ಲಿ ಎಣಿಸುವುದು ಗಿಡಕ್ಕೆ ತಕ್ಕ ಅಳತೆ. ಹವ್ಯಾಸಿಗಳು ಅದನ್ನು ಪಾರ್ ಎನ್ನುತ್ತಾರೆ.

ನಡುಹಗಲಿನ ಬಯಲಿನಲ್ಲಿ ಈ ಅಳತೆ ಸುಮಾರು 2000 ಇರುತ್ತದೆ. ಮನೆಯ ತೊಟ್ಟಿಯ ತಳದಲ್ಲಿ, ನಿಧಾನವಾಗಿ ಬೆಳೆಯುವ ಗಿಡಗಳಿಗೆ 15ರಿಂದ 30 ಇದ್ದರೆ ಸಾಕು. ಎರಡು ಅಂಕಿಗಳ ನಡುವಿನ ಈ ಅಂತರವನ್ನು ಮೊದಲ ಬಾರಿ ತಿಳಿದಾಗ ನನಗೆ ನಂಬಲಾಗಲಿಲ್ಲ, ಆದರೆ ಅನುಬಿಯಾಸ್, ಜಾವಾ ಫರ್ನ್, ಜಾವಾ ಮಾಸ್, ಕ್ರಿಪ್ಟೊಕೋರೈನ್ ಇವೆಲ್ಲ ಕಾಡಿನ ನೆರಳಿನ ತೊರೆಗಳ ಗಿಡಗಳು ಎಂಬುದನ್ನು ನೆನೆದರೆ ಆಶ್ಚರ್ಯಕ್ಕೆ ಎಡೆಯಿಲ್ಲ. ದಟ್ಟ ಕಾಡಿನ ನೆಲಕ್ಕೆ ಮೇಲಿನ ಬಿಸಿಲಿನ ನೂರರಲ್ಲಿ ಒಂದೆರಡು ಪಾಲು ಇಳಿದರೆ ಹೆಚ್ಚು. ಕ್ರಿಪ್ಟೊಕೋರೈನ್ ಕುಲದ ಕೆಲವು ಗಿಡಗಳು ನಮ್ಮ ಪಶ್ಚಿಮಘಟ್ಟದ ಹೊಳೆಗಳಲ್ಲಿಯೂ ಬೆಳೆಯುತ್ತವೆ. ಬಂಡೆಗಳ ಸಂದಿನಲ್ಲಿ ಬೇರೂರಿ, ಮಳೆಗಾಲದ ಕೆಂಪು ನೀರಿನಲ್ಲಿ ತಿಂಗಳುಗಟ್ಟಲೆ ಮುಳುಗಿದ್ದು, ನೀರು ಇಳಿದ ಮೇಲೆ ಮತ್ತೆ ತಲೆ ಎತ್ತುವ ಆ ಜೀವಗಳಿಗೆ ನಮ್ಮ ಮನೆಯ ದೀಪದ ಕೆಳಗೆ ಬೆಳಕಿನ ಬರ ಎದುರಾಗುವುದು ಅಪರೂಪ.

ಪಾರ್ ಅಳೆಯುವ ಉಪಕರಣ ದುಬಾರಿ. ಒಂದು ತೊಟ್ಟಿಗಾಗಿ ಅದನ್ನು ಕೊಳ್ಳಬೇಕಾಗಿಲ್ಲ. ಮೊಬೈಲಿನಲ್ಲಿ ಬೆಳಕಿನ ಲಕ್ಸ್ (ಒಂದು ಚದರ ಮೀಟರಿನ ಮೇಲೆ ಬೀಳುವ ಲ್ಯೂಮೆನ್) ತೋರಿಸುವ ಆ್ಯಪ್‌ಗಳಿವೆ. ತೊಟ್ಟಿಗೆ ನೀರು ತುಂಬುವ ಮೊದಲು, ಖಾಲಿ ತಳದಲ್ಲಿ ಮೊಬೈಲನ್ನು ಮಲಗಿಸಿ, ದೀಪ ಹಚ್ಚಿ ನೋಡಿ, ಬಂದ ಲಕ್ಸ್ ಅಂಕಿಯನ್ನು ಸುಮಾರು 70ರಿಂದ ಭಾಗಿಸಿದರೆ ಬಿಳಿ ಎಲ್‌ಇಡಿಯ ಮಟ್ಟಿಗೆ ಪಾರ್‌ನ ಒಂದು ಅಂದಾಜು ದೊರೆಯುತ್ತದೆ. 2000 ಲಕ್ಸ್ ಬಂದರೆ ಹತ್ತಿರಹತ್ತಿರ 30. ಮೊಬೈಲಿನ ಸಂವೇದಕ ಪ್ರಯೋಗಾಲಯದ ಉಪಕರಣವಲ್ಲ, ನಿಜ. ಆದರೆ 30 ಇರಬೇಕಾದ ಕಡೆ 150 ಇದೆಯೇ ಎಂಬುದನ್ನು ತಿಳಿಯಲು ಅಷ್ಟು ನಿಖರತೆ ಧಾರಾಳವಾಗಿ ಸಾಕು. ನೇರಳೆ ಅಥವಾ ನೀಲಿ ದೀಪಗಳಿಗೆ ಈ ಭಾಗಾಕಾರ ಹೊಂದುವುದಿಲ್ಲ ಎಂಬುದನ್ನು ಮಾತ್ರ ಮರೆಯಬಾರದು.

ಇನ್ನೂ ಸರಳವಾದ ಲೆಕ್ಕವೊಂದಿದೆ. ಬೇಡಿಕೆ ಕಡಿಮೆಯಿರುವ ಗಿಡಗಳಿಗೆ ಒಂದು ಲೀಟರ್ ನೀರಿಗೆ 10ರಿಂದ 20 ಲ್ಯೂಮೆನ್ ಎಂಬುದು ಜಲಸಸ್ಯ ಬೆಳೆಸುವವರ ನಡುವೆ ಬಳಕೆಯಲ್ಲಿರುವ ಅಂದಾಜು. ಎರಡಡಿ ಉದ್ದ, ಒಂದಡಿ ಅಗಲ, ಒಂದೂಕಾಲು ಅಡಿ ಎತ್ತರದ, ನಮ್ಮಲ್ಲಿ ಅತಿ ಸಾಮಾನ್ಯವಾದ ತೊಟ್ಟಿಯಲ್ಲಿ ಮರಳು, ಕಲ್ಲು ಹಾಕಿದ ಮೇಲೆ ಸುಮಾರು 55 ಲೀಟರ್ ನೀರು ಹಿಡಿಯುತ್ತದೆ. ಎಂದರೆ 550ರಿಂದ 1100 ಲ್ಯೂಮೆನ್ ಸಾಕು. ನಮ್ಮ ರಾಜ್ಯದಲ್ಲಿ ಹೊಸ ಬೆಳಕು ಯೋಜನೆಯಡಿ ವಿದ್ಯುತ್ ಕಂಪನಿಗಳ ಮೂಲಕ ಮನೆಮನೆಗೆ ಬಂದಂಥ 9 ವ್ಯಾಟಿನ ಎಲ್‌ಇಡಿ ಬಲ್ಬು ಹತ್ತಿರಹತ್ತಿರ 900 ಲ್ಯೂಮೆನ್ ಕೊಡುತ್ತದೆ. ಅಂಥದೇ ಒಂದು ಹಗಲುಬಿಳಿ ಬಣ್ಣದ ಬಲ್ಬನ್ನು ತೊಟ್ಟಿಯ ಮೇಲೆ ಸರಿಯಾದ ಎತ್ತರದಲ್ಲಿ, ನೀರು ಸಿಡಿಯದ ಹಾಗೆ ತೂಗುಹಾಕಿದರೆ ಜಾವಾ ಫರ್ನ್ ನೆಮ್ಮದಿಯಾಗಿ ಬೆಳೆಯುತ್ತದೆ. ಅದೇ ತೊಟ್ಟಿಗೆಂದು ಅಂಗಡಿಗಳಲ್ಲಿ ಕೊಡುವ 30 ವ್ಯಾಟಿನ ದೀಪದ ಪಟ್ಟಿಗಳು ಇದರ ಮೂರು ಪಟ್ಟು ಬೆಳಕನ್ನು ಸುರಿಯುತ್ತವೆ. ಅವನ್ನು ತಂದವರು ಮೂರು ವಾರದಲ್ಲಿ ಪಾಚಿಯ ಔಷಧಿ ಕೇಳಿಕೊಂಡು ಅದೇ ಅಂಗಡಿಗೆ ಮರಳುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ, ಮತ್ತು ಪ್ರತಿ ಸಲವೂ ನನಗೆ ಬೇಸರವಾಗುತ್ತದೆ, ಏಕೆಂದರೆ ಅಂಥ ಹಲವು ಔಷಧಿಗಳಲ್ಲಿ ಬಳಸುವ ತಾಮ್ರ ಸೀಗಡಿಗೂ ಬಸವನಹುಳುವಿಗೂ ವಿಷ.

ಪಾಚಿ ಏಕೆ ಬರುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ದೀಪದ ವಿಷಯದಲ್ಲಿ ನಡೆಯುವ ತಪ್ಪುಗಳೆಲ್ಲ ಕೊನೆಗೆ ಬಂದು ಸೇರುವುದು ಇಲ್ಲಿಯೇ. ಗಿಡ ಬೆಳೆಯಲು ಬೆಳಕು ಬೇಕು, ಇಂಗಾಲದ ಡೈಆಕ್ಸೈಡ್ ಬೇಕು, ಸಾರಜನಕ, ರಂಜಕ, ಪೊಟ್ಯಾಸಿಯಂ, ಕಬ್ಬಿಣ ಮುಂತಾದವು ಬೇಕು. ಇವುಗಳಲ್ಲಿ ಯಾವುದು ಅತಿ ಕಡಿಮೆ ಇದೆಯೋ ಅದರ ಮಿತಿಯೊಳಗೇ ಬೆಳವಣಿಗೆ ನಿಲ್ಲುತ್ತದೆ. ನೀರಿನಲ್ಲಿ ಅನಿಲಗಳು ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ಹರಡುತ್ತವೆ. ಆದ್ದರಿಂದ ನೀರೊಳಗಿನ ಎಲೆಗೆ ಇಂಗಾಲದ ಕೊರತೆ ಸದಾ ಕಾಡುತ್ತದೆ. ಸಿಲಿಂಡರಿನಿಂದ ಇಂಗಾಲದ ಡೈಆಕ್ಸೈಡ್ ಬಿಡದ ತೊಟ್ಟಿಯಲ್ಲಿ, ಮೀನುಗಳ ಉಸಿರಿನಿಂದಲೂ ತಳದ ಮಣ್ಣಿನ ಕೊಳೆಯುವಿಕೆಯಿಂದಲೂ ಗಾಳಿಯಿಂದಲೂ ಬರುವಷ್ಟೇ ಅದು ದೊರೆಯುವುದು. ಬೆಳಕನ್ನು ಮೂರು ಪಟ್ಟು ಹೆಚ್ಚಿಸಿದರೆ ಗಿಡದ ಹಸಿವು ಮೂರು ಪಟ್ಟಾಗುತ್ತದೆ, ಊಟ ಮಾತ್ರ ಮೊದಲಿನಷ್ಟೇ ಇರುತ್ತದೆ. ಹಸಿದ ಗಿಡದ ಹಳೆಯ ಎಲೆಗಳು ಸೊರಗಿ, ತೂತು ಬಿದ್ದು, ತಮ್ಮೊಳಗಿನ ಸಾರವನ್ನು ನೀರಿಗೆ ಬಿಡುತ್ತವೆ. ಪಾಚಿಯ ಬೇಡಿಕೆ ತೀರ ಚಿಕ್ಕದು. ಬೆಳಕು ಧಾರಾಳವಾಗಿದ್ದು ಸೊರಗಿದ ಎಲೆಯ ಅಂಚೊಂದು ಸಿಕ್ಕರೆ ಅದಕ್ಕೆ ನೆಲೆ ಸಿಕ್ಕಿದಂತೆಯೇ.

ಹೊಸ ತೊಟ್ಟಿಯಲ್ಲಿ ಗಾಜಿನ ಮೇಲೆ ಕಾಣುವ ಕಂದು ಧೂಳಿನಂಥ ಪದರ ಡಯಾಟಮ್ ಎಂಬ ಸೂಕ್ಷ್ಮಜೀವಿಗಳದು. ಅದು ಹೆಚ್ಚಾಗಿ ತಾನಾಗಿಯೇ ಹೋಗುತ್ತದೆ, ಅದಕ್ಕೆ ಹೆದರಬೇಕಾಗಿಲ್ಲ. ಗಾಜಿಗೆ ಅಂಟಿ ಉಜ್ಜಿದರೂ ಬಿಡದ ಹಸಿರು ಚುಕ್ಕಿಗಳು, ನೀರೇ ಬಟಾಣಿ ಕಟ್ಟಿನ ಬಣ್ಣಕ್ಕೆ ತಿರುಗುವ ಹಸಿರು ನೀರು, ಎಲೆಯ ಅಂಚಿಗೆ ಕಪ್ಪು ಗಡ್ಡದಂತೆ ಬೆಳೆಯುವ ಪಾಚಿ, ಇವುಗಳನ್ನು ಕಂಡಾಗ ನಾನು ಮೊದಲು ಮುಟ್ಟುವುದು ದೀಪದ ಡಿಮ್ಮರನ್ನು. ಬೆಳಕನ್ನು ಅರ್ಧಕ್ಕೆ ಇಳಿಸಿ, ಸೊರಗಿದ ಎಲೆಗಳನ್ನು ಕತ್ತರಿಸಿ ತೆಗೆದು, ಎರಡು ಮೂರು ವಾರ ಬೇರೇನೂ ಮಾಡದೆ ಕಾಯುವುದು ಅಂಗಡಿಯ ಯಾವ ಬಾಟಲಿಗಿಂತಲೂ ಒಳ್ಳೆಯ ಚಿಕಿತ್ಸೆ. ಹಸಿರು ನೀರು ಹಟ ಹಿಡಿದರೆ ತೊಟ್ಟಿಗೆ ದಪ್ಪ ಬಟ್ಟೆ ಹೊದಿಸಿ ಮೂರು ದಿನ ಪೂರ್ತಿ ಕತ್ತಲಲ್ಲಿ ಇಡುವ ಪದ್ಧತಿಯೂ ಇದೆ. ಆ ದಿನಗಳಲ್ಲಿ ಗಾಳಿಯ ಪಂಪನ್ನು ಮಾತ್ರ ನಿಲ್ಲಿಸಬಾರದು, ಏಕೆಂದರೆ ಸಾಯುವ ಪಾಚಿ ನೀರಿನ ಆಮ್ಲಜನಕವನ್ನು ತಿಂದುಹಾಕುತ್ತದೆ. ಬೇರೂರಿದ ಗಿಡಗಳು ಆ ಕತ್ತಲನ್ನು ತಾಳಿಕೊಳ್ಳುತ್ತವೆ.

ಹೆಚ್ಚು ಬೆಳಕನ್ನು ನಿಜವಾಗಿಯೂ ಬೇಡುವ ಗಿಡಗಳು ಇಲ್ಲವೆಂದಲ್ಲ. ಕಡುಗೆಂಪು ಎಲೆಯ ರೋಟಾಲಾ ಮ್ಯಾಕ್ರಾಂಡ್ರಾ ದಕ್ಷಿಣ ಭಾರತದ್ದೇ ಗಿಡ. ಬೆಳಕು ಸಾಲದಿದ್ದರೆ ಅದು ಕೆಂಪನ್ನು ಬಿಟ್ಟು ಪೇಲವ ಹಸಿರಾಗಿ, ಕೆಳಗಿನ ಎಲೆಗಳನ್ನು ಉದುರಿಸಿಕೊಂಡು, ದೀಪದ ಕಡೆಗೆ ಉದ್ದವಾಗಿ ಎಳೆಯುತ್ತದೆ. ಆ ಕೆಂಪು ಬಣ್ಣವೇ ಬಿಸಿಲಿನ ಹೊಡೆತದಿಂದ ಎಲೆಯನ್ನು ಕಾಯುವ ವರ್ಣಕ. ನೆಲಕ್ಕೆ ಹಾಸಿದಂತೆ ಹಬ್ಬುವ ಸಣ್ಣೆಲೆಯ ಗಿಡಗಳಿಗೂ ತಳದಲ್ಲಿ 50ಕ್ಕೂ ಹೆಚ್ಚು ಪಾರ್ ಬೇಕಾಗುತ್ತದೆ. ಅಂಥ ತೊಟ್ಟಿ ಬೇಕೆನ್ನುವವರು ಇಂಗಾಲದ ಡೈಆಕ್ಸೈಡ್ ಸಿಲಿಂಡರನ್ನೂ ಗೊಬ್ಬರದ ದ್ರಾವಣವನ್ನೂ ವಾರವಾರದ ಕತ್ತರಿ ಕೆಲಸವನ್ನೂ ಒಟ್ಟಿಗೇ ಒಪ್ಪಿಕೊಳ್ಳಬೇಕು. ದೀಪವನ್ನಷ್ಟೇ ತಂದು, ಉಳಿದದ್ದನ್ನು ಮುಂದೆ ನೋಡೋಣ ಎನ್ನುವ ಕ್ರಮ ನಡೆಯುವುದಿಲ್ಲ. ಹವಳ ಸಾಕುವ ಸಮುದ್ರದ ನೀರಿನ ತೊಟ್ಟಿಗಳ ಲೆಕ್ಕವಂತೂ ಪೂರ್ತಿ ಬೇರೆ. ಹವಳದ ಮೈಯೊಳಗೆ ಬದುಕುವ ಸೂಕ್ಷ್ಮ ಪಾಚಿಗೆ ನೀಲಿ ಬೆಳಕು ಪ್ರಧಾನವಾದ್ದರಿಂದ ಅಲ್ಲಿನ ದೀಪಗಳು ಕಡುನೀಲಿಯಾಗಿರುತ್ತವೆ. ಅವನ್ನು ಸಿಹಿನೀರಿನ ತೊಟ್ಟಿಗೆ ತಂದು ಹಚ್ಚುವುದರಲ್ಲಿ ಯಾವ ಅರ್ಥವೂ ಇಲ್ಲ.

ಈವರೆಗೆ ಗಿಡಗಳ ಮಾತಾಯಿತು. ಆದರೆ ನನ್ನ ಮನಸ್ಸಿಗೆ ಹೆಚ್ಚು ಹತ್ತಿರವಾದದ್ದು ಮೀನಿನ ಕಣ್ಣಿನ ವಿಷಯ. ಮೀನಿಗೆ ನಮ್ಮಂಥ ರೆಪ್ಪೆಯಿಲ್ಲ. ನಾವು ಸಾಕುವ ಬಹುಪಾಲು ಮೀನುಗಳಲ್ಲಿ ಕಣ್ಣಿನ ಪಾಪೆ ಬೆಳಕಿಗೆ ತಕ್ಕಂತೆ ಕಿರಿದಾಗುವುದೂ ಇಲ್ಲ. ಅವುಗಳ ಅಕ್ಷಿಪಟಲದಲ್ಲಿ ಬೇರೆಯೇ ಏರ್ಪಾಡಿದೆ: ಹಗಲಾದಂತೆ ಕಪ್ಪು ವರ್ಣಕದ ಕಣಗಳು ಸರಿದು ಬಂದು ಮಂದ ಬೆಳಕಿನ ದಂಡಕೋಶಗಳನ್ನು ಮರೆಮಾಡುತ್ತವೆ, ಶಂಕುಕೋಶಗಳು ಬೆಳಕಿನ ಕಡೆಗೆ ಸರಿಯುತ್ತವೆ, ರಾತ್ರಿ ಇದೆಲ್ಲ ಹಿಮ್ಮುಖವಾಗಿ ನಡೆಯುತ್ತದೆ. ಈ ಸರಿದಾಟಕ್ಕೆ ಹತ್ತಾರು ನಿಮಿಷಗಳು ಬೇಕು. ಕತ್ತಲ ಕೋಣೆಯಲ್ಲಿ ಒಮ್ಮೆಲೇ 30 ವ್ಯಾಟಿನ ಎಲ್‌ಇಡಿ ಹೊತ್ತಿದಾಗ ನಿಯಾನ್ ಟೆಟ್ರಾಗಳ ಗುಂಪು ಗಾಜಿಗೆ ಬಡಿದುಕೊಳ್ಳುವುದು, ಹ್ಯಾಚೆಟ್ ಮೀನು ನೀರಿನಿಂದ ಹೊರಕ್ಕೆ ನೆಗೆಯುವುದು ಸ್ವಭಾವದ ಚಂಚಲತೆಯಿಂದಲ್ಲ. ಆ ಬೆಳಕಿನಿಂದ ತಪ್ಪಿಸಿಕೊಳ್ಳಲು ಅವುಗಳ ಕಣ್ಣಿಗೆ ಬೇರೆ ದಾರಿಯೇ ಇಲ್ಲ. ಹಳೆಯ ಟ್ಯೂಬ್‌ಲೈಟಿಗೂ ಈ ದೋಷವಿತ್ತು, ಆದರೆ ಅದು ಎರಡು ಮೂರು ಸಲ ಮಿನುಗಿ ಹತ್ತುತ್ತಿತ್ತು ಮತ್ತು ಅಷ್ಟು ಪ್ರಖರವಾಗಿರಲಿಲ್ಲ. ಎಲ್‌ಇಡಿ ಕ್ಷಣಾರ್ಧದಲ್ಲಿ ಪೂರ್ಣ ಪ್ರಖರತೆಗೆ ಬರುತ್ತದೆ.

ಇದಕ್ಕೆ ಪರಿಹಾರವೂ ಎಲ್‌ಇಡಿಯಲ್ಲಿಯೇ ಇದೆ. ನಿಧಾನವಾಗಿ ಏರಿ, ನಿಧಾನವಾಗಿ ಇಳಿಯುವ ನಿಯಂತ್ರಕಗಳು ಈಗ ಸುಲಭವಾಗಿ ಸಿಗುತ್ತವೆ. ನಮ್ಮ ಅಕ್ಷಾಂಶದಲ್ಲಿ ಸಂಜೆಯ ಮಬ್ಬು ಬಹಳ ಹೊತ್ತು ಉಳಿಯುವುದಿಲ್ಲ. ಬೆಂಗಳೂರಿನಲ್ಲಿ ಸೂರ್ಯ ಮುಳುಗಿದ ಮೇಲೆ ಇಪ್ಪತ್ತು ಇಪ್ಪತ್ತೈದು ನಿಮಿಷಗಳಲ್ಲಿ ಕತ್ತಲು ಕವಿಯುತ್ತದೆ. ಉಷ್ಣವಲಯದ ಮೀನುಗಳು ಹುಟ್ಟಿ ಬೆಳೆದು ಬಂದದ್ದು ಇಂಥ ಮುಂಜಾವು ಮುಸ್ಸಂಜೆಗಳಲ್ಲಿಯೇ. ಆದ್ದರಿಂದ ದೀಪ ಸೊನ್ನೆಯಿಂದ ನಿಗದಿತ ಮಟ್ಟಕ್ಕೆ ಏರಲು ಅರ್ಧ ಗಂಟೆ, ಇಳಿಯಲು ಅರ್ಧ ಗಂಟೆ ಕೊಟ್ಟರೆ ಧಾರಾಳವಾಯಿತು. ನಿಯಂತ್ರಕ ಕೊಳ್ಳಲಾಗದವರು ತೊಟ್ಟಿಯ ದೀಪ ಹೊತ್ತುವ ಮೊದಲು ಅರ್ಧ ಗಂಟೆ ಕೋಣೆಯ ದೀಪವನ್ನು ಹಚ್ಚಿಡಬಹುದು, ತೊಟ್ಟಿಯ ದೀಪ ಆರಿದ ಮೇಲೂ ಅಷ್ಟೇ ಹೊತ್ತು ಕೋಣೆಯ ಬೆಳಕನ್ನು ಉಳಿಸಬಹುದು. ಇದಕ್ಕೆ ಯಾವ ಖರ್ಚೂ ಇಲ್ಲ, ಮೀನುಗಳಲ್ಲಿ ಕಾಣುವ ಬದಲಾವಣೆ ಮಾತ್ರ ದೊಡ್ಡದು.

ಇರುಳೂ ಮೀನಿಗೆ ಬೇಕು. ಮೀನಿನ ತಲೆಯ ಮೇಲ್ಭಾಗದಲ್ಲಿ, ತೆಳುವಾದ ಬುರುಡೆಯ ಕೆಳಗೆ ಇರುವ ಪೀನಿಯಲ್ ಗ್ರಂಥಿ ಬೆಳಕನ್ನು ನೇರವಾಗಿ ಗ್ರಹಿಸಬಲ್ಲದು. ಕತ್ತಲಾದಾಗ ಅದು ಮೈಗೆ ರಾತ್ರಿಯಾಯಿತೆಂದು ತಿಳಿಸುವ ಮೆಲಟೋನಿನ್ ಎಂಬ ಹಾರ್ಮೋನನ್ನು ಸುರಿಸುತ್ತದೆ, ಬೆಳಕಿದ್ದಾಗ ನಿಲ್ಲಿಸುತ್ತದೆ. ಇಡೀ ರಾತ್ರಿ ದೀಪ ಉರಿಸುವ ಹೋಟೆಲುಗಳ, ಆಸ್ಪತ್ರೆಗಳ ಮುಂಗಟ್ಟೆಯ ತೊಟ್ಟಿಗಳನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಅಲ್ಲಿನ ಮೀನುಗಳಿಗೆ ಆಹಾರವಿದೆ, ಶುದ್ಧ ನೀರಿದೆ, ರಾತ್ರಿ ಮಾತ್ರ ಇಲ್ಲ. ನಿಯಾನ್ ಟೆಟ್ರಾದ ಹೊಳೆಯುವ ನೀಲಿ ಪಟ್ಟಿ ಕತ್ತಲಲ್ಲಿ ಮಂಕಾಗಿ, ಬೆಳಗಾದ ಮೇಲೆ ಮೆಲ್ಲಮೆಲ್ಲನೆ ಮರಳುತ್ತದೆ. ಅದರ ಮೈಗೆ ಹಗಲಿರುಳಿನ ಲೆಕ್ಕ ಎಷ್ಟು ಆಳವಾಗಿ ಇಳಿದಿದೆ ಎಂಬುದಕ್ಕೆ ಇದಕ್ಕಿಂತ ಕಣ್ಣಿಗೆ ಕಾಣುವ ಸಾಕ್ಷಿ ಬೇಕಿಲ್ಲ. ಮೂನ್‌ಲೈಟ್ ಎಂಬ ಹೆಸರಿನಲ್ಲಿ ದೀಪದ ಪಟ್ಟಿಯೊಳಗೇ ಸೇರಿಸಿರುವ ನೀಲಿ ಎಲ್‌ಇಡಿಗಳ ಬಗ್ಗೆಯೂ ನನ್ನ ಅಭಿಪ್ರಾಯ ಹೀಗೆಯೇ. ನಿಜವಾದ ಹುಣ್ಣಿಮೆಯ ಬೆಳಕು ಒಂದು ಲಕ್ಸಿನ ಮೂರನೆಯ ಒಂದು ಪಾಲನ್ನೂ ಮುಟ್ಟುವುದಿಲ್ಲ. ಅಂಗೈಯಗಲದ ದೂರದಿಂದ ಸುರಿಯುವ ಈ ನೀಲಿ ಅದರ ಎಷ್ಟೋ ಪಟ್ಟು ಇರುತ್ತದೆ. ರಾತ್ರಿ ಸಂಚಾರದ ಮೀನುಗಳನ್ನು ನೋಡುವ ಆಸೆಯಿದ್ದರೆ ಊಟದ ನಂತರ ಸ್ವಲ್ಪ ಹೊತ್ತು ಹಚ್ಚಿ, ಮಲಗುವಾಗ ಆರಿಸಬೇಕು.

ದಿನಕ್ಕೆ ಎಷ್ಟು ಗಂಟೆ ಬೆಳಕು ಎಂಬುದಕ್ಕೆ ಉತ್ತರ ಆರರಿಂದ ಎಂಟು. ಬೆಂಗಳೂರಿನ ಹಗಲು ವರ್ಷದಲ್ಲಿ ಸುಮಾರು ಹನ್ನೊಂದೂವರೆ ಗಂಟೆಯಿಂದ ಹದಿಮೂರು ಗಂಟೆಗೆ ತುಸು ಕಡಿಮೆಯವರೆಗೆ ಇರುತ್ತದೆ, ಆದರೆ ಮರಗಳ ನಡುವಿನ ತೊರೆಗೆ ನೇರ ಬಿಸಿಲು ಬೀಳುವುದು ಅದರಲ್ಲಿ ಕೆಲವೇ ಗಂಟೆ. ಕೆಲಸಕ್ಕೆ ಹೋಗುವ ಮನೆಗಳಲ್ಲಿ ಬೆಳಗ್ಗೆ ಮೂರು ಗಂಟೆ, ಸಂಜೆ ನಾಲ್ಕು ಗಂಟೆ ಎಂದು ಎರಡು ಪಾಲು ಮಾಡಿ, ಮಧ್ಯಾಹ್ನ ಬಿಡುವು ಕೊಡುವುದು ನನಗೆ ಮೆಚ್ಚಿಗೆಯಾದ ಕ್ರಮ. ಮನೆಯವರು ಎದುರಿಗಿರುವ ಹೊತ್ತಿನಲ್ಲಿ ತೊಟ್ಟಿ ಬೆಳಗಿರುತ್ತದೆ, ಬಿಡುವಿನ ವೇಳೆಯಲ್ಲಿ ನೀರಿನ ಇಂಗಾಲದ ಡೈಆಕ್ಸೈಡ್ ಮತ್ತೆ ತುಂಬಿಕೊಳ್ಳುತ್ತದೆ. ಇದನ್ನು ಕೈಯಿಂದ ಮಾಡಲು ಹೋಗಬಾರದು, ಟೈಮರ್ ಬೇಕೇ ಬೇಕು. ಮುಳ್ಳು ತಿರುಗುವ ಹಳೆಯ ಬಗೆಯ ಟೈಮರ್ ಕರೆಂಟು ಹೋದಾಗ ತಾನೂ ನಿಂತುಬಿಡುತ್ತದೆ. ನಮ್ಮ ಊರುಗಳ ಬೇಸಿಗೆಯ ವಿದ್ಯುತ್ ಕಡಿತದಲ್ಲಿ ಅದು ಕೆಲವೇ ದಿನಗಳಲ್ಲಿ ಗಂಟೆಗಟ್ಟಲೆ ಹಿಂದೆ ಬೀಳುತ್ತದೆ. ಒಳಗೆ ಚಿಕ್ಕ ಬ್ಯಾಟರಿಯಿರುವ ಡಿಜಿಟಲ್ ಟೈಮರ್ ಸ್ವಲ್ಪ ಹೆಚ್ಚು ಬೆಲೆಯದಾದರೂ ಅದನ್ನೇ ಕೊಳ್ಳಬೇಕು. ಯುಪಿಎಸ್ ಇರುವ ಮನೆಯಲ್ಲಿ ಫಿಲ್ಟರನ್ನೂ ಗಾಳಿಯ ಪಂಪನ್ನೂ ಅದರ ಮೇಲೆ ಹಾಕಿ, ದೀಪವನ್ನು ಹೊರಗಿಡಬೇಕು. ಬೆಳಕಿಲ್ಲದೆ ಒಂದು ದಿನ ಕಳೆದರೆ ಯಾವ ಮೀನೂ ಸಾಯುವುದಿಲ್ಲ, ಆಮ್ಲಜನಕವಿಲ್ಲದೆ ಸಾಯುತ್ತದೆ.

ಶಾಖದ ವಿಷಯದಲ್ಲಿ ಎಲ್‌ಇಡಿ ನಮ್ಮ ಉತ್ತರದ ಜಿಲ್ಲೆಗಳಿಗೆ ದೊಡ್ಡ ವರ. ಕಲಬುರಗಿ, ರಾಯಚೂರುಗಳಲ್ಲಿ ಬೇಸಿಗೆಯ ಹಗಲು 40 ಡಿಗ್ರಿ ದಾಟುವಾಗ ಮೇಲಿನಿಂದ ನೀರನ್ನು ಕಾಯಿಸುವ ದೀಪ ಯಾರಿಗೂ ಬೇಡ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಇಳಿಯುತ್ತದೆ: 25 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 8.3 ಮಿಲಿಗ್ರಾಂ, 30 ಡಿಗ್ರಿಯಲ್ಲಿ 7.6. ಎಲ್‌ಇಡಿಯೂ ಬಿಸಿಯಾಗುತ್ತದೆ, ಆದರೆ ಆ ಬಿಸಿ ಹಿಂಬದಿಯ ಅಲ್ಯೂಮಿನಿಯಂ ಮೈಗೆ ಹೋಗುತ್ತದೆ, ನೀರಿನ ಕಡೆಗೆ ಬರುವುದು ಕಡಿಮೆ. ಆ ಮೈಗೆ ಗಾಳಿ ಆಡುವಂತಿರಬೇಕು; ಮುಚ್ಚಿದ ಮರದ ಮುಚ್ಚಳದೊಳಗೆ ಪಟ್ಟಿಯನ್ನು ಅಂಟಿಸಿದರೆ ಅದರ ಆಯಸ್ಸು ಕುಗ್ಗುತ್ತದೆ. ವಿದ್ಯುತ್ ಖರ್ಚಿನ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ: 10 ವ್ಯಾಟಿನ ದೀಪ ದಿನಕ್ಕೆ ಏಳು ಗಂಟೆ ಉರಿದರೆ ತಿಂಗಳಿಗೆ ಎರಡು ಯೂನಿಟ್‌ಗಿಂತ ಸ್ವಲ್ಪ ಹೆಚ್ಚು.

ಬೆಳಕನ್ನು ತಿಂದುಹಾಕುವ ಇನ್ನೊಂದು ಸಂಗತಿ ತೊಟ್ಟಿಯ ಮೇಲಿನ ಗಾಜಿನ ಮುಚ್ಚಳ. ಬೋರ್‌ವೆಲ್ ನೀರಿನ ಹನಿಗಳು ಅದರ ಮೇಲೆ ಒಣಗಿ ಸುಣ್ಣದ ಬಿಳಿ ಪೊರೆ ಕಟ್ಟುತ್ತದೆ. ಗಿಡ ಸೊರಗುತ್ತಿದೆಯೆಂದು ಹೊಸ ದೀಪ ತರುವ ಮೊದಲು ಆ ಗಾಜನ್ನು ತೊಟ್ಟಿಯಿಂದ ದೂರ ಒಯ್ದು, ನಿಂಬೆಹಣ್ಣಿನ ಹೋಳಿನಿಂದ ಉಜ್ಜಿ, ಚೆನ್ನಾಗಿ ತೊಳೆದು ಇಟ್ಟರೆ ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ. ಬಾದಾಮಿ ಮರದ ಒಣಎಲೆ ಅಥವಾ ಮರದ ಕೊರಡು ಹಾಕಿದ ತೊಟ್ಟಿಯಲ್ಲಿ ನೀರು ಚಹಾದ ಬಣ್ಣಕ್ಕೆ ತಿರುಗಿ ನೀಲಿ ಬೆಳಕನ್ನು ಹೆಚ್ಚು ಹೀರುತ್ತದೆ. ಬೆಟ್ಟಾ, ಟೆಟ್ರಾಗಳಂಥ ಮೀನುಗಳಿಗೆ ಆ ಮಬ್ಬು ಹಿತವಾದದ್ದರಿಂದ ನಾನು ಅದನ್ನು ಸರಿದೂಗಿಸಲು ಹೋಗುವುದಿಲ್ಲ. ನೀರಿನ ಮೇಲೆ ತೇಲುವ ಗಿಡಗಳನ್ನು ಒಂದು ಪಾಲಿನಷ್ಟು ಹಬ್ಬಲು ಬಿಡುವುದು ಡಿಮ್ಮರ್ ಇಲ್ಲದ ದೀಪವನ್ನು ಪಳಗಿಸುವ ಅತಿ ಸುಂದರ ಉಪಾಯ.

ಇವೆಲ್ಲಕ್ಕಿಂತ ಮೊದಲು ನೋಡಿಕೊಳ್ಳಬೇಕಾದ್ದು ತಂತಿ. ನೀರು ಮತ್ತು ಕರೆಂಟು ಅಕ್ಕಪಕ್ಕದಲ್ಲಿರುವ ಕಡೆ ಆರ್‌ಸಿಸಿಬಿ (ಕರೆಂಟು ಸೋರಿದೊಡನೆ ಅದನ್ನು ಕಡಿದುಹಾಕುವ ಸುರಕ್ಷಾ ಸ್ವಿಚ್) ಇಲ್ಲದ ಪ್ಲಗ್ ಪಾಯಿಂಟನ್ನು ಬಳಸಲೇಬಾರದು. ದೀಪದ ತಂತಿ ಪ್ಲಗ್ಗಿನ ಮಟ್ಟಕ್ಕಿಂತ ಕೆಳಗೆ ಜೋತು ಬಿದ್ದು ಆಮೇಲೆ ಮೇಲೇರಬೇಕು, ಆಗ ತಂತಿಗುಂಟ ಇಳಿಯುವ ನೀರು ಆ ತಗ್ಗಿನಲ್ಲಿಯೇ ತೊಟ್ಟಿಕ್ಕಿ ಹೋಗುತ್ತದೆ. 230 ವೋಲ್ಟನ್ನು 12 ಅಥವಾ 24ಕ್ಕೆ ಇಳಿಸುವ ಡ್ರೈವರ್ ಪೆಟ್ಟಿಗೆ ತೊಟ್ಟಿಯಿಂದ ದೂರ, ಸಿಡಿಯುವ ನೀರು ತಲುಪದ ಎತ್ತರದಲ್ಲಿ ಇರಬೇಕು. ಐಪಿ67 ಎಂಬ ಗುರುತಿರುವ ದೀಪ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ತಾಳುತ್ತದೆ. ಮಂಗಳೂರು, ಉಡುಪಿ, ಕಾರವಾರಗಳ ಉಪ್ಪುಗಾಳಿಯಲ್ಲಿ ಅದಕ್ಕಿಂತ ಕಡಿಮೆಯದನ್ನು ಕೊಳ್ಳಬಾರದು ಎಂದೇ ನಾನು ಹೇಳುತ್ತೇನೆ.

ಬೆಂಗಳೂರಿನಲ್ಲಿ ಶಿವಾಜಿನಗರದ ಕಡೆಗೋ ನಿಮ್ಮ ಊರಿನ ಮೀನಿನ ಅಂಗಡಿಗೋ ದೀಪ ಕೊಳ್ಳಲು ಹೋದಾಗ ಕೇಳಬೇಕಾದ್ದು ವ್ಯಾಟನ್ನಲ್ಲ. ಒಟ್ಟು ಲ್ಯೂಮೆನ್ ಎಷ್ಟು, ಅದನ್ನು ಹತ್ತರಲ್ಲಿ ಎರಡು ಪಾಲಿಗೆ ಇಳಿಸಲು ಬರುತ್ತದೆಯೇ, ಕರೆಂಟು ಹೋಗಿ ಬಂದಾಗ ಇಳಿಸಿದ ಮಟ್ಟದಲ್ಲಿಯೇ ಮತ್ತೆ ಹತ್ತುತ್ತದೆಯೇ ಅಥವಾ ಪೂರ್ಣ ಪ್ರಖರತೆಗೆ ಹಾರುತ್ತದೆಯೇ, ಡ್ರೈವರ್ ಕೆಟ್ಟರೆ ಅದೊಂದನ್ನೇ ಬದಲಾಯಿಸಬಹುದೇ ಎಂದು ಕೇಳಿ. ಮೂರನೆಯ ಪ್ರಶ್ನೆಗೆ ಅಂಗಡಿಯವರ ಬಾಯಿಮಾತು ಸಾಲದು. ಅಲ್ಲಿಯೇ ದೀಪವನ್ನು ತಗ್ಗಿಸಿ, ಸ್ವಿಚ್ ಆರಿಸಿ, ಮತ್ತೆ ಹಾಕಿಸಿ ನೋಡಿ; ಪೂರ್ಣ ಪ್ರಖರತೆಗೆ ಹಾರಿದರೆ ಆ ದೀಪ ಬೇಡ, ಇನ್ನೊಂದನ್ನು ತೋರಿಸಲು ಹೇಳಿ.